ತುಂಬಿದ ಬಟ್ಟಲು

ತೆರೆಯ ಮೇಲೆ ಬೀಗಿತ್ತಿ ಮತ್ತೊಮ್ಮೆ ಹಿಟ್ಟಿನ ಚೀಲದೊಳಕ್ಕೆ ಬಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೆದೆರ್‌ಗೆ ನಗು ಬರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ, ಬರುತ್ತದೆಯೋ ಇಲ್ಲವೋ ಎಂದು ನೋಡಿಕೊಳ್ಳುವಷ್ಟು ಗಮನವೂ ಅವನಲ್ಲಿ ಉಳಿದಿರಲಿಲ್ಲ. ಹೊಸ ಚಿತ್ರಗಳನ್ನು ನೋಡಿ ಬರೆಯುವ ಕೆಲಸಕ್ಕೆ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನು ಗಳಿಸಿದ್ದು ಒಂದೇ ಅಭ್ಯಾಸ: ನಗು ಬಂದರೆ ಯಾಕೆ ಬಂತು, ಅಳು ಬಂದರೆ ಎಲ್ಲಿಂದ ಬಂತು ಎಂದು ತನ್ನ ಮೈಯನ್ನೇ ಪಕ್ಕದ ಕುರ್ಚಿಯವನ ಮೈಯಂತೆ ಗಮನಿಸುವುದು. ಇವತ್ತು ಗುರುವಾರ. ಬಿಶ್ಕೆಕ್‌ನಲ್ಲಿ ಹೊಸ ಚಿತ್ರಗಳು ಬರುವುದು ಗುರುವಾರವೇ, ಬೆಳಿಗ್ಗೆ ಬರೆಯುವವರಿಗೆ, ಸಂಜೆ ಊರಿಗೆ. ಈ ವಾರ ಮೂರು ಚಿತ್ರ. ಈಗ ನಡೆಯುತ್ತಿರುವುದು ಬೀಗರ ಜಗಳದ ಹಾಸ್ಯ. ಆಮೇಲೆ ದೆವ್ವದ್ದು. ಅದಾದ ಮೇಲೆ ಮೂರನೆಯದು. ಮೂರನೆಯದರಲ್ಲಿ ಅವನ ಅತ್ತೆ ಇದ್ದಳು.

ಅತ್ತೆ ಬುರುಲ್, ಅಂದರೆ ಹೆಂಡತಿ ಜಿಪಾರ್‌ಳ ತಾಯಿ, ಎಪ್ಪತ್ತು ದಾಟಿದವಳು. ಕೊಚ್ಕೊರ್ ಆಚೆಯ ಹಳ್ಳಿಯಲ್ಲಿ ಹಸುವಿನ ಹಾಲು ಕರೆದುಕೊಂಡು, ಉಣ್ಣೆ ಬಿಡಿಸಿಕೊಂಡು ಇದ್ದವಳು ಸಿನಿಮಾ ನೋಡಿದ್ದೇ ಬೆರಳೆಣಿಕೆ. ಅದೇ ಹಳ್ಳಿಯ ಇಲ್ಗಿಜ್ ಎಂಬ ಹುಡುಗ, ಮೊನ್ನೆ ಮೊನ್ನೆಯವರೆಗೆ ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುತ್ತಿದ್ದವನು, ಊರವರನ್ನೇ ನಿಲ್ಲಿಸಿ ಒಂದು ಚಿತ್ರ ಮಾಡಿದ. 'ಅಂಗಳದ ಗುಡಾರ' ಎಂದು ಹೆಸರು. ಗಂಡ ಸತ್ತ ಮುದುಕಿಯೊಬ್ಬಳ ಮೂರು ದಿನದ ಕಥೆ. ಪಟ್ಟಣದ ನಟಿಯರು ಬೇಡವೆಂದು ಬುರುಲ್‌ಳ ಹೊಸ್ತಿಲ ಮೇಲೆ ಹೋಗಿ ಕೂತನಂತೆ. ಮೊದಲು ಬೈದು ಅಟ್ಟಿದಳಂತೆ. ಆಮೇಲೆ ಏನನ್ನಿಸಿತೋ, ಒಪ್ಪಿಕೊಂಡಳು. ಸುದ್ದಿ ಕೇಳಿದಾಗ ಜಿಪಾರ್ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಮೆದೆರ್ ಕೂಡ ನಕ್ಕ. ನಕ್ಕಾದ ಮೇಲೆ ಅವನಿಗೆ ಹೊಳೆಯಿತು, ತನ್ನ ಬಾಯಿಗೆ ಬಿದ್ದಿರುವುದು ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ಹೆಂಡತಿಯ ತವರಿನಲ್ಲಿ ಮುಖ ತೋರಿಸುವಂತಿಲ್ಲ. ಚೆನ್ನಾಗಿದೆ ಎಂದು ಬರೆದರೆ, ಅಳಿಯ ಅತ್ತೆಗೆ ಚಹಾ ಕಡಿಮೆ ಬಗ್ಗಿಸಿದ ಎಂದು ಊರೆಲ್ಲ ನಗುತ್ತದೆ.

ಚಹಾದ ಮಾತು ಯಾಕೆಂದರೆ, ಅವನ ಅಂಕಣದಲ್ಲಿ ನಕ್ಷತ್ರಗಳಿರಲಿಲ್ಲ, ಬಟ್ಟಲುಗಳಿದ್ದವು. ಮನೆಗೆ ಬಂದವನ ಬಟ್ಟಲಿಗೆ ತಳ ಮುಳುಗುವಷ್ಟೇ ಚಹಾ ಬಗ್ಗಿಸಿದರೆ, ಕೂತಿರು, ಮತ್ತೆ ಮತ್ತೆ ಬಗ್ಗಿಸುತ್ತೇನೆ, ನೀನು ನಮ್ಮವನು ಎಂದು ಹೇಳಿದಂತೆ. ಅಂಚಿನವರೆಗೆ ತುಂಬಿ ಮುಂದಿಟ್ಟರೆ, ಕುಡಿ, ಹೊರಡು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಡೆಯುವುದಕ್ಕೆ ಮುಂಚೆಯೇ ಮಕ್ಕಳಿಗೆ ಗೊತ್ತಾಗಿರುತ್ತದೆ. ಒಳ್ಳೆಯ ಚಿತ್ರಕ್ಕೆ ಮೆದೆರ್ ಎರಡು ಗುಟುಕಿನ ಬಟ್ಟಲು ಕೊಡುತ್ತಿದ್ದ. ಕೆಟ್ಟದ್ದಕ್ಕೆ ತುಂಬಿದ ಬಟ್ಟಲು. ಜನಕ್ಕೆ ಇಷ್ಟವಾದದ್ದು ತುಂಬಿದ ಬಟ್ಟಲುಗಳೇ. ಅವನ ಕೈಯಲ್ಲಿ ತುಂಬಿಸಿಕೊಂಡ ನಿರ್ದೇಶಕನೊಬ್ಬ ಊಟದ ಮನೆಯೊಂದರಲ್ಲಿ ಎದುರು ಸಿಕ್ಕಾಗ ಚಹಾ ತುಂಬಿದ ಬಟ್ಟಲನ್ನು ತಂದು ಅವನ ಮೇಜಿನ ಮೇಲೆ ಕುಕ್ಕಿ ಹೋಗಿದ್ದ. ಆ ದಿನ ಅವನಿಗೆ ಹೆಮ್ಮೆಯೇ ಆಗಿತ್ತು. ಅಂಥ ಹೆಮ್ಮೆಯೂ ಒಂದು ಹೆಮ್ಮೆಯೇ ಎಂದು ಈಗ ಕತ್ತಲಲ್ಲಿ ಕೂತು ಅನ್ನಿಸುತ್ತಿತ್ತು.

ಬೆಳಿಗ್ಗೆ ಅತ್ತೆ ಕೆಟಲಿಯನ್ನು ಮಗಳ ಕೈಯಿಂದ ಕಿತ್ತುಕೊಂಡಿದ್ದಳು. ಶನಿವಾರ ನೆಂಟರಿಷ್ಟರೆಲ್ಲ ಒಟ್ಟಿಗೆ ಚಿತ್ರ ನೋಡುವುದೆಂದು ನಿಶ್ಚಯವಾಗಿ, ಅದಕ್ಕೆಂದೇ ಬಂದವಳು, ಬಂದ ಮನೆಯಲ್ಲಿ ಕೈಕಟ್ಟಿ ಕೂರಲಾರಳು. ಅಡುಗೆಮನೆಯ ಕಿಟಕಿಯಾಚೆ ಮಾರ್ಚ್ ತಿಂಗಳ ಕೊಳಕು ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಅವಳು ಹಾಲು ಬೆರೆತ ಚಹಾವನ್ನು ತಳಕ್ಕೆ ಇಷ್ಟೇ ಇಷ್ಟು ಬಗ್ಗಿಸಿ, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಎದೆಗಿಟ್ಟು ಅವನಿಗೆ ಕೊಟ್ಟಳು. ಕುಡಿದ. ಖಾಲಿ ಬಟ್ಟಲು ತೆಗೆದುಕೊಂಡಳು, ಮತ್ತೆ ಇಷ್ಟೇ ಇಷ್ಟು.

"ಇವತ್ತು ನೋಡ್ತೀಯಂತೆ."

"ಹೌದು ಅತ್ತೆ. ಮೂರನೇದು."

"ಇದ್ದದ್ದನ್ನ ಇದ್ದ ಹಾಗೆ ಬರಿ. ಅತ್ತೆ ಅಂತ ಸಕ್ಕರೆ ಹಾಕ್ಬೇಡ. ನೀನು ಬರೆಯೋದನ್ನೆಲ್ಲ ನಮ್ ಸೊಸೆ ಓದಿ ಹೇಳ್ತಾಳೆ. ಏನ್ ಬೈತೀಯಪ್ಪ! ಬೈಯೋದ್ರಲ್ಲಿ ನಿಮ್ಮ ಮಾವನೂ ನಿನ್ನ ಮುಂದೆ ನಿಲ್ತಿರ್ಲಿಲ್ಲ."

"ಅಮ್ಮಾ, ಹೆದರಿಸ್ಬೇಡ ಅವರನ್ನ. ಮೊದ್ಲೇ ರಾತ್ರಿಯೆಲ್ಲಾ ಹೊರಳಾಡಿದ್ದಾರೆ," ಎಂದಳು ಜಿಪಾರ್.

"ನಾನ್ಯಾಕೆ ಹೆದರಿಸ್ಲಿ? ಪೂರ್ತಿ ನೋಡ್ಲಿ ಅಂದೆ ಅಷ್ಟೇ. ಪೂರ್ತಿ ನೋಡು ಅಳಿಯಾ."

ಪೂರ್ತಿ ಎಂಬ ಮಾತು ಅವನ ಕಿವಿಯಲ್ಲೇ ನಿಂತಿತ್ತು. ತೆರೆಯ ಮೇಲೆ ಬೀಗರೆಲ್ಲ ಒಂದಾಗಿ ಕುಣಿಯುತ್ತಿದ್ದರು. ದೀಪ ಹತ್ತಿತು. ಪಕ್ಕದ ಸಾಲಿನಿಂದ ದಾಸ್ತಾನ್ ಬಗ್ಗಿ ನೋಡಿದ. ಫೋನನ್ನು ಮುಖದ ಮುಂದೆ ಹಿಡಿದುಕೊಂಡು ವಿಮರ್ಶೆ ಮಾಡುವ ಹುಡುಗ. ಅವನನ್ನು ಹಿಂಬಾಲಿಸುವ ಜನವೂ ಬಹಳ, ನಾಲಗೆಯೂ ಬಹಳ.

"ಅಣ್ಣಾ, ಒಂದು ಸಲಾನೂ ನಗ್ಲಿಲ್ಲ ನೀವು. ಹಿಟ್ಟಿನ ಚೀಲಕ್ಕೂ ನಗದಿದ್ರೆ ಹೇಗೆ?"

"ಮೊದಲ್ನೇ ಸಲ ಬಿದ್ದಾಗ ನಕ್ಕೆ."

"ಸುಳ್ಳು. ನಾನು ಸಿನಿಮಾ ನೋಡ್ಲಿಲ್ಲ, ನಿಮ್ಮನ್ನೇ ನೋಡ್ತಿದ್ದೆ." ಕಣ್ಣು ಮಿಟುಕಿಸಿ ಹತ್ತಿರ ಬಂದ. "ಅಲ್ಲಾ, ಅತ್ತೆಗೆ ಎಷ್ಟು ಬಗ್ಗಿಸ್ತೀರಿ? ತುಂಬಿಸಿ ಕೊಟ್ರೆ ರಾತ್ರಿ ಮನೆ ಒಳಗೆ ಮಲಗ್ತೀರಾ, ಮೆಟ್ಟಿಲ ಮೇಲೆ ಮಲಗ್ತೀರಾ?"

ಮೆದೆರ್ ನಕ್ಕ. ನಕ್ಕದ್ದು ತುಟಿ ಮಾತ್ರ ಎಂದು ತನಗೇ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕೈ ತಾನಾಗಿ ಕೊರಳಪಟ್ಟಿಗೆ ಹೋಗಿತ್ತು.

ಎರಡನೆಯ ಚಿತ್ರದಲ್ಲಿ ದೆವ್ವ ಒಂಬತ್ತು ಮಹಡಿಯ ಹಳೆಯ ಕಟ್ಟಡದ ಲಿಫ್ಟಿನಲ್ಲಿತ್ತು. ಹಳದಿ ಕೂದಲಿನ ಅಲ್ಬಾರ್ಸ್ತಿ. ಮಲಗಿದವರ ಎದೆಯ ಮೇಲೆ ಬಂದು ಕೂತು ಉಸಿರು ಕಟ್ಟಿಸುವವಳು. ಅಜ್ಜಿಯರ ಕಥೆಯ ದೆವ್ವವನ್ನು ತಂದು ಸೋವಿಯತ್ ಕಾಲದ ಲಿಫ್ಟಿಗೆ ಹಾಕಿದ್ದು ಒಳ್ಳೆಯ ಯೋಚನೆ ಎಂದುಕೊಂಡ. ದೆವ್ವಕ್ಕಿಂತ ಲಿಫ್ಟಿನ ಕಿರುಗುಟ್ಟುವಿಕೆಯೇ ಹೆಚ್ಚು ಹೆದರಿಸುತ್ತಿತ್ತು. ಅರ್ಧ ಬಟ್ಟಲು ಕೊಡಬಹುದು. ಹುಡುಗಿಯೊಬ್ಬಳು ಹಾಸಿಗೆಯಲ್ಲಿ ಮಲಗಿದ್ದಳು, ಎದೆಯ ಮೇಲೆ ಅಲ್ಬಾರ್ಸ್ತಿ. ಕೂಗಬೇಕೆಂದು ಬಾಯಿ ತೆರೆಯುತ್ತಾಳೆ, ದನಿ ಹೊರಡುವುದಿಲ್ಲ. ಸಭಾಂಗಣವೆಲ್ಲ ಕಿರುಚಿತು. ಬಾಯಿ ತೆರೆದೂ ದನಿ ಹೊರಡದಿರುವುದು ಏನೆಂದು ಮೆದೆರ್‌ಗೆ ಗೊತ್ತಿತ್ತು. ಅದಕ್ಕೆ ದೆವ್ವ ಬೇಕಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ, ಮಾವ ತೀರಿಕೊಂಡ ದಿನ; ಹಾಡುಹಗಲು, ಬಿಸಿಲು, ಅಂಗಳದ ತುಂಬ ಜನ. ಘಾಟಿ ದಾಟಿ ಹೋಗುವಾಗ ಕಾರಿನಲ್ಲಿ ಜಿಪಾರ್ ಒಂದು ಮಾತೂ ಆಡಿರಲಿಲ್ಲ. ಹಳ್ಳಿಯ ಬೇಲಿ ಕಂಡದ್ದೇ ತಡ, ಬಾಗಿಲು ತೆಗೆದು ಇಳಿದು, ಪಟ್ಟಣದಲ್ಲಿ ಫೋನಿನಲ್ಲೂ ಪಿಸುಗುಡುತ್ತ ಮಾತಾಡುವ ಅವನ ಹೆಂಡತಿ, ಅಪ್ಪಾ ಎಂದು ತೆಗೆದ ದನಿ ಎಲ್ಲಿತ್ತೋ ಏನೋ, ಅವಳ ಹೊಟ್ಟೆಯ ಅಡಿಯಲ್ಲಿ ಯಾವುದೋ ಮುತ್ತಜ್ಜಿ ಕಾದು ಕೂತಿದ್ದಳೋ ಏನೋ.

ಅಂಗಳದಲ್ಲಿ ಕಂಬಳಿಯ ಗುಡಾರ ನಿಂತಿತ್ತು. ಒಳಗೆ ಮಾವ ಮಲಗಿದ್ದ. ಹೊರಗೆ ಅವನ ಗಂಡುಮಕ್ಕಳು ಕೋಲೂರಿ, ಬೆನ್ನು ಬಗ್ಗಿಸಿ, ಬಂದವರ ಅಳುವಿಗೆ ಅಳುವಿನ ಉತ್ತರ ಕೊಡುತ್ತ ನಿಂತಿದ್ದರು. ಗಂಡಸಾದವನು ದೂರದಿಂದಲೇ ಗಟ್ಟಿ ದನಿ ತೆಗೆದು, ಅಯ್ಯೋ ನನ್ನಪ್ಪಾ, ನನ್ನ ಬೆಟ್ಟವೇ ಎಂದು ಕೂಗುತ್ತ ಬರಬೇಕು. ಅಳಿಯನಂತೂ ಬರಲೇಬೇಕು. ಮೆದೆರ್‌ಗೆ ಮಾವನೆಂದರೆ ಇಷ್ಟವಿತ್ತು. ಕುದುರೆಯ ಪಟ್ಟಿ ಹೊಲಿಯುತ್ತ ಕೂತು ಮುದುಕ ಅವನಿಂದ ಸಿನಿಮಾದ ಕಥೆ ಹೇಳಿಸಿಕೊಳ್ಳುತ್ತಿದ್ದ, ದಬ್ಬಳ ನಿಲ್ಲಿಸಿ 'ಆಮೇಲೆ?' ಎನ್ನುತ್ತಿದ್ದ, ಕೊನೆಗೆ, 'ಇಷ್ಟು ಚೆನ್ನಾಗಿ ಹೇಳ್ತೀಯ, ಬರೆಯುವಾಗ ಯಾಕೋ ಕಲ್ಲು ಹೊಡೀತೀಯ?' ಎಂದು ಬೈಯುತ್ತಿದ್ದ. ಆ ಮುದುಕನ 'ಆಮೇಲೆ' ಇನ್ನಿಲ್ಲ ಎಂಬುದು ದಾರಿಯುದ್ದಕ್ಕೂ ಅವನ ಜೊತೆಗೇ ಬಂದಿತ್ತು. ಬೇಲಿಯ ಹತ್ತಿರ ಇಳಿದು ಅವನು ಬಾಯಿ ತೆರೆದ. ತೆರೆದ ಕ್ಷಣದಲ್ಲೇ ಆ ಅಂಗಳವೆಲ್ಲ ತನ್ನನ್ನು ನೋಡುತ್ತಿದೆ ಎನ್ನಿಸಿತು, ತಾನೂ ತನ್ನನ್ನು ನೋಡುತ್ತಿದ್ದ, ತಲೆಯೊಳಗೆ ಅಭ್ಯಾಸಬಲದಿಂದ ಒಂದು ವಾಕ್ಯ ಸಿದ್ಧವಾಯಿತು: ಅಳಿಯನ ದುಃಖ ಮೇಲುಮೇಲಿನದು. ಗಂಟಲಿನಿಂದ ಹೊರಟದ್ದು, ಭಾಷಣಕ್ಕೆ ಮೊದಲು ಮೈಕಿನ ಮುಂದೆ ಕೆಮ್ಮುತ್ತಾರಲ್ಲ, ಅಂಥ ಒಂದು ಕೆಮ್ಮು. ಮತ್ತೆ ಬಾಯಿ ತೆರೆದ. ಏನೂ ಇಲ್ಲ. ಬಿಳಿ ಕಂಬಳಿ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಬರಿದೇ ನಡೆದ. ಕಟ್ಟೆಯ ಮೇಲಿನ ಮುದುಕನೊಬ್ಬ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಪಟ್ಟಣದ ಅಳಿಯ ಕಣ್ರೋ. ಮೂಕಿ ಸಿನಿಮಾ." ಕೋಲೂರಿ ನಿಂತಿದ್ದ ಭಾವಮೈದುನರ ಹೆಗಲು ಕುಲುಕಿದವು. ಅಳುವಿಗೋ ನಗುವಿಗೋ ಅವನು ತಲೆಯೆತ್ತಿ ನೋಡಲಿಲ್ಲ. ಗುಡಾರದೊಳಗಿಂದ ಹೆಂಗಸರ ಶೋಕದ ಹಾಡು ಅಲೆ ಅಲೆಯಾಗಿ ಬರುತ್ತಿತ್ತು. ಅದರಲ್ಲಿ ಅತ್ತೆಯದು ಯಾವ ದನಿ ಎಂದು ಹುಡುಕುವಷ್ಟು ವ್ಯವಧಾನ ಅವನಿಗಿರಲಿಲ್ಲ. ಅಂದಿನಿಂದ ಹಳ್ಳಿಯಲ್ಲಿ ಅವನ ಹೆಸರು ಮೂಕಿ. ಅಂದಿನಿಂದ ತೆರೆಯ ಮೇಲೆ ಯಾರು ಅತ್ತರೂ ಅವನು ಬಿಡುತ್ತಿರಲಿಲ್ಲ. 'ಈರುಳ್ಳಿ ಹೆಚ್ಚಿದ ಕಣ್ಣೀರು' ಎಂಬ ಮಾತು ಅವನ ಅಂಕಣದಿಂದಲೇ ಊರಿಗೆ ಹಬ್ಬಿತ್ತು. ಅಳು ಬಾರದವನು ಅಳುವವರ ಮೇಲೆ ತೀರಿಸಿಕೊಂಡ ಹಗೆ ಅದು ಎಂದು ಓದುವವರಿಗೇನು ಗೊತ್ತು.

ಮೂರನೆಯ ಚಿತ್ರ ಶುರುವಾದಾಗ ಮೊದಲು ಕಂಡದ್ದು ಗೋಡೆಯ ಮೊಳೆ. ಮೊಳೆಗೆ ಮಾವನ ಕುರಿತೊಗಲಿನ ಕೋಟು. ಅದು ಪಾತ್ರದ ಕೋಟಲ್ಲ, ಮಾವನದೇ. ತೋಳಿನ ಬಳಿ ಸುಟ್ಟ ಕಲೆ ಮೆದೆರ್‌ನ ಸಿಗರೇಟಿನದು. ಅಂಗಳವೂ ಅದೇ, ಬೇಲಿಯೂ ಅದೇ. ಹುಡುಗ ಕ್ಯಾಮೆರಾವನ್ನು ನೆಲಕ್ಕೆ ಹತ್ತಿರ ಇಟ್ಟಿದ್ದ. ಕೋಳಿಯೊಂದು ಓಡಾಡುವಷ್ಟು ಎತ್ತರ. ಗಂಡಸರು ಗುಡಾರ ಎತ್ತುವ ಕೈಗಳು, ಕುದಿಯುವ ಹಂಡೆ, ಒಂಟಿ ಚಪ್ಪಲಿ. ಯಾವುದಕ್ಕೂ ಅವಸರವಿಲ್ಲ. ಚೆನ್ನಾಗಿದೆ ಎಂದು ಮೆದೆರ್‌ನ ಒಳಗಿನ ವಿಮರ್ಶಕ ಎದ್ದು ಕೂತ, ಅದೇ ಹೊತ್ತಿಗೆ ಅಳಿಯ ಮುದುಡಿಕೊಂಡ. ಗಂಡಸರು ಬೇಲಿಯಿಂದ ಕೂಗುತ್ತ ಬರತೊಡಗಿದರು. ಒಬ್ಬೊಬ್ಬನೂ ಬಂದಾಗ ಮೆದೆರ್ ಕಾಲಿನ ಹೆಬ್ಬೆರಳನ್ನು ಬೂಟಿನೊಳಗೆ ಒತ್ತಿಕೊಂಡ, ಇವನ ಹಿಂದೆಯೇ ಈಗ ಕೆಮ್ಮುವ ಅಳಿಯ ಬರುತ್ತಾನೆ ಎಂದು. ಬರಲಿಲ್ಲ. ಬದಲಿಗೆ ಅತ್ತೆ ಬಂದಳು. ಕಪ್ಪು ಶಾಲು ಹೊದ್ದು, ಗುಡಾರದ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಇಷ್ಟು ದೊಡ್ಡ ತೆರೆಯ ಮೇಲೆ ಅಷ್ಟು ಸಣ್ಣ ಬೆನ್ನು. ಸುತ್ತಲಿನ ಹೆಂಗಸರು ಅವಳ ಹಾಡಿಗಾಗಿ ಸುಮ್ಮನಾದರು. ವಿಧವೆಯ ಹಾಡು ಮೊದಲು, ಆಮೇಲೆ ಉಳಿದವರದು. ಅವಳು ಮೆಲ್ಲಗೆ ಮುಖ ತಿರುಗಿಸತೊಡಗಿದಳು.

ಮೆದೆರ್ ಎದ್ದ. ಯೋಚಿಸಿ ಎದ್ದದ್ದಲ್ಲ, ಮೊಣಕಾಲುಗಳು ಎದ್ದವು, ಅವನು ಜೊತೆಗೆ ಹೋದ. ಬೆಳಿಗ್ಗೆ ಚಹಾ ಕೊಟ್ಟ ಆ ಬಾಯಿಂದ ಸುಳ್ಳು ಅಳು ಹೊರಟರೆ ಅದನ್ನು ಕೇಳಿಸಿಕೊಂಡ ಮೇಲೆ ಆ ಮನೆಯಲ್ಲಿ ಹೇಗೆ ಕೂರುವುದು? ನಿಜವಾದ ಅಳುವೇ ಹೊರಟರೆ? ಅದನ್ನು ತಡೆದುಕೊಳ್ಳುವುದು ಅದಕ್ಕಿಂತ ಕಷ್ಟ. ಕತ್ತಲಲ್ಲಿ ಯಾರದೋ ಕಾಲು ತುಳಿದು, ಕ್ಷಮಿಸಿ ಎಂದು, ಬಾಗಿಲು ತಳ್ಳಿ ಹೊರಗೆ ಬಂದ. ಹೊರಗೆ ಬೆಳಕು, ಹುರಿದ ಜೋಳದ ವಾಸನೆ, ನೆಲ ಒರೆಸುವ ಹೆಂಗಸು. ಅಂಗಡಿಯಲ್ಲಿ ಮಾಂಸ ತುಂಬಿದ ಒಂದು ಸೊಮ್ಸಾ ಕೊಂಡು ಗೋಡೆಗೆ ಒರಗಿ ಕಚ್ಚಿದ. ಒಳಗಿನ ಬಿಸಿ ಕೊಬ್ಬು ಗಲ್ಲದ ಮೇಲೆ ಇಳಿಯಿತು. ಕಿವಿ ಮಾತ್ರ ಬಾಗಿಲ ಕಡೆಗೇ ಇತ್ತು. ಒಳಗಿನಿಂದ ಏನೇನೂ ಕೇಳಿಸಲಿಲ್ಲ. ಬಾಗಿಲಿಗೆ ಮೆತ್ತೆ ಹೊಡೆಸಿದ ಪುಣ್ಯಾತ್ಮ ಚೆನ್ನಾಗಿರಲಿ ಎಂದುಕೊಂಡ. ನೆಲ ಒರೆಸುವವಳು, "ಕಾಲೆತ್ತಪ್ಪ," ಎಂದಳು. ಒಂದು ಕಾಲೆತ್ತಿದ, ಆಮೇಲೆ ಇನ್ನೊಂದು.

ಅವನು ಮತ್ತೆ ಒಳಗೆ ಹೋಗುವಾಗ ಗುಡಾರ ಕಳಚುತ್ತಿದ್ದರು. ಅತ್ತೆ ಹಗ್ಗ ಸುತ್ತುತ್ತಿದ್ದಳು. ಸಾಲುಗಳಲ್ಲಿ ಮೂಗು ಸೀನುವ ಸದ್ದು. ದೀಪ ಹತ್ತಿದಾಗ ದಾಸ್ತಾನ್‌ನ ಕಣ್ಣುಗಳು ಕೆಂಪಗಿದ್ದವು. ಅವನ ಫೋನು ಕೈಯಲ್ಲಿ ಸುಮ್ಮನೆ ತೂಗಾಡುತ್ತಿತ್ತು.

"ಅಣ್ಣಾ," ಎಂದ, ತಮಾಷೆಯಿಲ್ಲದ ದನಿಯಲ್ಲಿ. "ನಿಮ್ಮತ್ತೆ ಕೊಂದುಬಿಟ್ರಲ್ಲ. ಆ ಗುಡಾರದ ಸೀನು... ನಮ್ಮಜ್ಜಿ ನೆನಪಾದ್ರು."

ಅಷ್ಟು ಸಾಕಾಯಿತು. ಅತ್ತಿದ್ದಾರೆ ಎಂದಮೇಲೆ ಅಳಿಸಿದ್ದಾಳೆ, ಅಳಿಸಿದ್ದಾಳೆ ಎಂದಮೇಲೆ ಹಾಡಿದ್ದಾಳೆ. ಮೆದೆರ್ ಚಹಾದಂಗಡಿಯೊಂದರ ಮೂಲೆಯಲ್ಲಿ ಕೂತು ಬರೆದ. ಹಾಸ್ಯಕ್ಕೆ ತುಂಬಿದ ಬಟ್ಟಲು, ಹಿಟ್ಟು ತೇಲುತ್ತಿರುವಂಥದ್ದು. ದೆವ್ವಕ್ಕೆ ಅರ್ಧ, ಲಿಫ್ಟಿಗೆ ಪ್ರಶಸ್ತಿ ಕೊಡಬೇಕೆಂದು ಒಂದು ಕೊಂಕು. ಮೂರನೆಯದಕ್ಕೆ ಬಂದಾಗ ಕೈ ಒಂದು ಗಳಿಗೆ ನಿಂತಿತು, ಆಮೇಲೆ ತಡೆಯದೆ ಓಡಿತು. ನೋಡಿದ್ದನ್ನು ಬರೆಯುವಾಗ ಯಾವತ್ತೂ ಅಷ್ಟು ಸಲೀಸಾಗಿ ಓಡಿರಲಿಲ್ಲ. 'ಬುರುಲ್ ಅವರ ಶೋಕದ ಹಾಡು ಕಂಬಳಿಯ ಗೋಡೆಯನ್ನು ದಾಟಿ ಬೆಟ್ಟಕ್ಕೆ ಮುಟ್ಟಿ ಮರಳುತ್ತದೆ. ಇದು ಈರುಳ್ಳಿಯ ಕಣ್ಣೀರಲ್ಲ. ಎರಡೇ ಗುಟುಕು ಬಗ್ಗಿಸುತ್ತಿದ್ದೇನೆ, ಕೂತಿರಿ, ಏಳಬೇಡಿ.' ಓದಿಕೊಂಡ. ಚೆನ್ನಾಗಿತ್ತು. ಕೂತಿರಿ, ಏಳಬೇಡಿ ಎಂಬಲ್ಲಿ ಕಣ್ಣು ಜಾರಿಸಿ, ಸಂಪಾದಕಿ ಚಿನಾರಾಗೆ ಕಳಿಸಿಬಿಟ್ಟ. ಮನೆಗೆ ಹೋಗುವ ಮಾರ್ಷ್ರುಟ್ಕಾ ವ್ಯಾನಿನಲ್ಲಿ ಜನರ ಮಧ್ಯೆ ಕುತ್ತಿಗೆ ಬಗ್ಗಿಸಿ ನಿಂತಾಗ, ಬಹಳ ದಿನಗಳ ಮೇಲೆ ಮನಸ್ಸು ಹಗುರವಾಗಿತ್ತು. ಅತ್ತೆಗೆ ಒಳ್ಳೆಯದಾಯಿತು, ಚಿತ್ರಕ್ಕೂ ಒಳ್ಳೆಯದಾಯಿತು, ಯಾರಿಗೂ ಕೆಡುಕಾಗಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಮನೆಯಲ್ಲಿ ಮೇಜಿನ ಮೇಲೆ ಎಣ್ಣೆಯಲ್ಲಿ ಕರಿದ ಬಿಸಿ ಬೊರ್ಸೊಕ್ ರಾಶಿ ಬಿದ್ದಿತ್ತು, ಕೆನೆ, ಏಪ್ರಿಕಾಟ್ ಪಾಕ. ಅತ್ತೆ ಕೆಟಲಿಯ ಪಕ್ಕದಲ್ಲಿ ತನ್ನ ಜಾಗ ಹಿಡಿದು ಕೂತಿದ್ದಳು. ಜಿಪಾರ್‌ಳ ಮುಖ ಅರಳಿತ್ತು. ಅವನು ಕೋಟು ಬಿಚ್ಚುವುದಕ್ಕೂ ಬಿಡದೆ ಫೋನು ಹಿಡಿದು ಬಂದಳು.

"ಆಗ್ಲೇ ಹಾಕಿದ್ದಾರೆ ರೀ! ಅಮ್ಮಾ, ಕೇಳು, ಕೇಳು." ನಿಂತುಕೊಂಡೇ ಗಟ್ಟಿಯಾಗಿ ಓದಿದಳು. ಬೆಟ್ಟಕ್ಕೆ ಮುಟ್ಟಿ ಮರಳುತ್ತದೆ ಎಂಬಲ್ಲಿ ಅವಳ ದನಿ ಒದ್ದೆಯಾಯಿತು. "ನೋಡಿದ್ಯಾ? ನನ್ನ ಗಂಡ ಯಾರಿಗೂ ಹೀಗೆ ಬರ್ದಿಲ್ಲ."

ಅತ್ತೆ ಬಟ್ಟಲೊಂದನ್ನು ತೆಗೆದುಕೊಂಡು ಸೆರಗಿನಂತೆ ಇಳಿಬಿಟ್ಟಿದ್ದ ತಲೆವಸ್ತ್ರದ ತುದಿಯಿಂದ ಅದರ ಒಳಗನ್ನು ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು.

"ಹಾಡು ಚೆನ್ನಾಗಿತ್ತಾ ಅಳಿಯಾ?"

"ಬಹಳ ಚೆನ್ನಾಗಿತ್ತು ಅತ್ತೆ. ಸಭೆಯೆಲ್ಲ ಅತ್ತಿತು."

"ನೀನೂ ಅತ್ಯಾ?"

"ಕಣ್ಣು... ತುಂಬಿ ಬಂತು."

"ನಾನು ಹಾಡ್ಲೇ ಇಲ್ಲವಲ್ಲಪ್ಪ," ಎಂದಳು ಬುರುಲ್.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಕುಗ್ಗಿಸಿತು. ಕೆನೆಯ ಬಟ್ಟಲಿನಲ್ಲಿ ಚಮಚ ನೆಟ್ಟಗೆ ನಿಂತಿತ್ತು, ಅದನ್ನೇ ನೋಡಿದ.

"ಬಾಯಿ ತೆಗೆದೆ. ದನಿ ಬರ್ಲಿಲ್ಲ. ಆ ಹುಡುಗ ಕ್ಯಾಮೆರಾ ನಿಲ್ಸೇ ಇಲ್ಲ. ನಾನೂ ಬಾಯಿ ಮುಚ್ಲಿಲ್ಲ. ಎಷ್ಟೋ ಹೊತ್ತು ಹಾಗೇ. ಅಷ್ಟೂ ಇಟ್ಟಿದ್ದಾನೆ ಚಿತ್ರದಲ್ಲಿ. ಊರ ಶಾಲೆಯಲ್ಲಿ ತೋರಿಸಿದಾಗ ನೋಡಿದ್ದೀನಲ್ಲ. ಸೂಜಿ ಬಿದ್ರೂ ಕೇಳ್ಬೇಕು, ಹಾಗಿದೆ ಅದು." ಬಟ್ಟಲನ್ನು ಕೆಳಗಿಟ್ಟಳು. "ನೀನೆಲ್ಲಿದ್ದೆ ಆಗ?"

ಜಿಪಾರ್ ಅಮ್ಮನನ್ನೂ ಗಂಡನನ್ನೂ ನೋಡಿದಳು. ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಮಗುಚಿ ಇಟ್ಟಳು.

"ಹೊರಗಿದ್ದೆ," ಎಂದ ಮೆದೆರ್.

"ಏನ್ಮಾಡ್ತಿದ್ದೆ?"

"ಸೊಮ್ಸಾ ತಿಂತಿದ್ದೆ."

ಜಿಪಾರ್‌ಳ ಬಾಯಿಂದ ಸಣ್ಣ ಸದ್ದೊಂದು ಹೊರಟಿತು. ಅವನ ಜೇಬಿನಲ್ಲಿ ಫೋನು ಅದೇ ಹೊತ್ತಿಗೆ ನಡುಗಿತು. ಚಿನಾರಾಳ ಕರೆ. ತೆಗೆಯದಿರಬಹುದಿತ್ತು, ಆದರೆ ಆ ಮೇಜಿನ ಮುಂದೆ ಕೂತಿರುವುದಕ್ಕಿಂತ ಯಾವುದಾದರೂ ಪರವಾಗಿಲ್ಲವೆನ್ನಿಸಿತು.

"ಮೆದೆರ್ ಅಣ್ಣಾ, ಒಂದು ವಿಷಯ," ಎಂದಳು ಚಿನಾರಾ. ಮಾತನ್ನು ಬೆರಳ ತುದಿಯಲ್ಲಿ ಹಿಡಿದಂತೆ ಆಡುತ್ತಿದ್ದಳು. "ಕೆಳಗೆ ಕಾಮೆಂಟಲ್ಲಿ ಬೆಳಿಗ್ಗೆ ನೋಡಿದವರು ಕೇಳ್ತಿದ್ದಾರೆ, ಯಾವ ಹಾಡು ಅಂತ. ಚಿತ್ರದಲ್ಲಿ ಆ ಸೀನ್ ಸೈಲೆಂಟಂತೆ. ಯಾರೋ ಬರೆದಿದ್ದಾನೆ, ವಿಮರ್ಶಕರು ತಮ್ಮ ಕಿವಿಯಲ್ಲೇ ಹಾಡ್ಕೊಂಡ್ರು ಅಂತ. ಏನಾದ್ರೂ ಸಾಂಕೇತಿಕವಾಗಿ ಬರೆದ್ರಾ? ಒಳಗಿನ ಹಾಡು, ಆ ಥರ? ಹಾಗಿದ್ರೆ ಒಂದು ಸಾಲು ಸೇರಿಸಿ, ನಡೆದುಹೋಗತ್ತೆ."

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಒಳಗಿನ ಹಾಡು. ಎಷ್ಟು ಒಳ್ಳೆಯ ಮಾತು! ಒಂದು ಸಾಲು ಸೇರಿಸಿದರೆ ಸುಳ್ಳು ಹೋಗಿ ಸೂಕ್ಷ್ಮವಾಗುತ್ತದೆ. ಅತ್ತೆ ಕೆಟಲಿಯ ಹಿಡಿಯ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಇಲ್ಲಮ್ಮ," ಎಂದ. "ನಾನು ಆ ಸೀನ್ ನೋಡಿಲ್ಲ. ಎದ್ದು ಹೋಗಿದ್ದೆ. ತೆಗೆದುಬಿಡು."

"ಸುಮ್ನೆ ತೆಗೆದ್ರೆ ಯಾಕೆ ಅಂತ ಕೇಳ್ತಾರಲ್ಲಣ್ಣ."

"ಅದನ್ನೇ ಹಾಕು. ನೋಡಿಲ್ಲ ಅಂತ. ನನ್ನ ಹೆಸರು ಹಾಕಿ."

ಫೋನು ಕೆಳಗಿಟ್ಟ. ಇಪ್ಪತ್ತು ವರ್ಷದ ಮರ್ಯಾದೆಯನ್ನು ಒಂದು ಸೊಮ್ಸಾಕ್ಕೆ ಮಾರಿದ ಹಾಗಾಯಿತು. ದಾಸ್ತಾನ್ ನಾಳೆ ಇದನ್ನು ಎಷ್ಟು ಚೆನ್ನಾಗಿ ಹೇಳುತ್ತಾನೆ ಎಂದು ಊಹಿಸಿಕೊಂಡ. ನಿಜವಾಗಿ ಚೆನ್ನಾಗಿಯೇ ಹೇಳುತ್ತಾನೆ.

"ಅವತ್ತು," ಎಂದಳು ಬುರುಲ್. ಯಾವ ದಿನ ಎಂದು ಹೇಳಲಿಲ್ಲ, ಬೇಕಾಗಿರಲಿಲ್ಲ. "ಅವತ್ತು ಗುಡಾರದೊಳಗೆ ನಾನು ಹಾಗೇ ಕೂತಿದ್ದೆ. ಎಲ್ಲರೂ ನನ್ನ ಹಾಡಿಗೆ ಕಾಯ್ತಾ ಇದ್ರು. ಐವತ್ತು ವರ್ಷ ಸಂಸಾರ ಮಾಡಿದ ಗಂಡಸು ಎದುರಿಗೆ ಮಲಗಿದ್ದಾನೆ, ಒಂದು ದನಿ ಬರ್ಲಿಲ್ಲ. ನಮ್ಮ ವಾರಗಿತ್ತಿ ನನ್ನ ಬದಲು ಹಾಡಿದ್ಲು. ಕಲ್ಲು ಹೆಂಗಸು ಅಂತ ಅಂದ್ಕೊಂಡ್ರು, ನನಗೆ ಗೊತ್ತು. ಆಗ ಹೊರಗೆ ಯಾರೋ ಮುದುಕ ಅಂದ, ಪಟ್ಟಣದ ಅಳಿಯ, ಮೂಕಿ ಸಿನಿಮಾ ಅಂತ. ಎಲ್ರೂ ನಕ್ರು. ನಾನು ನಗ್ಲಿಲ್ಲ. ಸದ್ಯ, ನನಗೊಬ್ಬ ಜೊತೆ ಇದ್ದಾನೆ ಅಂದ್ಕೊಂಡೆ." ತಲೆವಸ್ತ್ರ ಸರಿಮಾಡಿಕೊಂಡಳು. "ಅದಕ್ಕೇ ಆ ಹುಡುಗ ಬಂದಾಗ ಒಪ್ಕೊಂಡಿದ್ದು. ನಮ್ಮ ಮೆದೆರ್ ಎಲ್ಲಾ ಚಿತ್ರಾನೂ ನೋಡ್ತಾನೆ, ಇದನ್ನೂ ನೋಡ್ತಾನೆ, ಒಬ್ಬನಿಗಾದ್ರೂ ತಿಳಿಯತ್ತೆ ಅಂತ."

ಅಷ್ಟು ವರ್ಷ ಮೆದೆರ್ ಒಬ್ಬನೇ ಹೊತ್ತುಕೊಂಡು ತಿರುಗಿದ ನಾಚಿಕೆಯ ಇನ್ನೊಂದು ತುದಿಯನ್ನು ಕಂಬಳಿಯ ಆಚೆ ಕೂತು ಈ ಮುದುಕಿ ಹಿಡಿದಿದ್ದಳು. ಅದನ್ನು ಅವನಿಗೆ ತೋರಿಸಬೇಕೆಂದು ಊರೆದುರು ಮತ್ತೊಮ್ಮೆ ಬಾಯಿ ತೆರೆದು ಕೂತಿದ್ದಳು. ಅವನು ಎದ್ದು ಹೋಗಿದ್ದ.

ಬುರುಲ್ ಕೆಟಲಿ ಎತ್ತಿ ಒರೆಸಿದ ಬಟ್ಟಲಿಗೆ ಬಗ್ಗಿಸಿದಳು. ತಳ ಮುಳುಗಿತು. ನಿಲ್ಲಿಸಲಿಲ್ಲ. ಅರ್ಧವಾಯಿತು. "ಅಮ್ಮಾ!" ಎಂದಳು ಜಿಪಾರ್. ಚಹಾ ಅಂಚಿಗೆ ಬಂದು ಉಬ್ಬಿ ನಿಂತಿತು, ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಬೀಳದ ಹಾಗೆ ಅವನ ಮುಂದೆ ಇಟ್ಟಳು.

"ಕುಡಿ," ಎಂದಳು. "ಕುಡಿದು ಹೊರಡು. ಏಳು ಗಂಟೆಗೆ ಇನ್ನೊಂದು ಆಟ ಇದೆಯಂತೆ. ಜಿಪಾರ್ ಹೇಳಿದ್ಲು."

ಅವನು ಬಾಯಿ ಸುಟ್ಟುಕೊಂಡು ಕುಡಿದ. ಟೋಪಿ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಜಿಪಾರ್ ಮೇಲಿನಿಂದ ಕೂಗಿದಳು, "ಮಫ್ಲರ್ರಾದ್ರೂ ಹಾಕ್ಕೊಂಡು ಹೋಗಿ!" ಅವಳ ದನಿಯಲ್ಲಿ ಸಿಟ್ಟೂ ಇತ್ತು, ಅದರ ಅಡಿಯಲ್ಲಿ ಬೇರೇನೋ ಇತ್ತು.

ಏಳು ಗಂಟೆಯ ಆಟಕ್ಕೆ ಜನ ಬಹಳವಿರಲಿಲ್ಲ. ಬೀಗರ ಹಾಸ್ಯಕ್ಕೆ ಟಿಕೆಟ್ ಸಿಗದೆ ಬಂದ ಹುಡುಗರ ಒಂದು ಗುಂಪು, ಕೆಲವು ಗಂಡಹೆಂಡಿರು, ಬಿಳಿ ಟೋಪಿಯ ಮುದುಕರಿಬ್ಬರು. ಮೆದೆರ್ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ನಡುವಿನ ಸಾಲಿನಲ್ಲಿ, ಎರಡೂ ಕಡೆ ಜನ ಇರುವ ಕುರ್ಚಿ ನೋಡಿ ಕೂತ, ಸುಲಭವಾಗಿ ಏಳಲಾಗದ ಹಾಗೆ. ಮೊಳೆ ಬಂತು. ಕೋಟು ಬಂತು. ಹಂಡೆ, ಚಪ್ಪಲಿ, ಬೇಲಿಯಿಂದ ಕೂಗುತ್ತ ಬರುವ ಗಂಡಸರು. ಅತ್ತೆ ಬಾಗಿಲಲ್ಲಿ ತಲೆ ಬಗ್ಗಿಸಿದಳು, ಕೂತಳು, ಮೆಲ್ಲಗೆ ಮುಖ ತಿರುಗಿಸಿದಳು. ತೆರೆಯ ತುಂಬ ಆ ಮುಖ. ಬಾಯಿ ತೆರೆಯಿತು. ಗಾಳಿಯ ಸದ್ದು ಕೂಡ ನಿಂತುಹೋಯಿತು. ಹಲ್ಲಿಲ್ಲದ ಕಡೆಯ ವಸಡು, ಒಣಗಿದ ತುಟಿ, ಗಂಟಲಿನಲ್ಲಿ ಏನೋ ಮೇಲೆ ಬಂದು ಮತ್ತೆ ಇಳಿಯುವುದು. ಕಣ್ಣು ಒಣಗಿತ್ತು. ಅವಳು ನೇರವಾಗಿ ನೋಡುತ್ತಿದ್ದಳು, ಕ್ಯಾಮೆರಾದ ಆಚೆ ಯಾರೋ ಬರುತ್ತಾರೆಂದು ಕಾಯುವವಳ ಹಾಗೆ. ಮೆದೆರ್ ತನ್ನೊಳಗೆ ವಾಕ್ಯಕ್ಕಾಗಿ ಕಾದ. ಯಾವ ವಾಕ್ಯವೂ ಬರಲಿಲ್ಲ. ಕುದುರೆಯ ಪಟ್ಟಿಯ ಮೇಲೆ ದಬ್ಬಳ ನಿಲ್ಲಿಸಿ ಒಬ್ಬ ಮುದುಕ 'ಆಮೇಲೆ?' ಎಂದ.

ಮುಂದಿನ ಸಾಲಿನ ಹುಡುಗರು ಕುರ್ಚಿಯಲ್ಲಿ ಮಿಸುಕಾಡಿದರು. ಒಬ್ಬ ಸಿಳ್ಳೆ ಹಾಕಿದ. "ಸೌಂಡ್!" ಎಂದು ಇನ್ನೊಬ್ಬ ಹಿಂದಕ್ಕೆ ತಿರುಗಿ ಯಂತ್ರದ ಕೋಣೆಯ ಕಡೆಗೆ ಕೂಗಿದ. "ಸೌಂಡ್ ಹೋಗಿದೆ ಕಣ್ರೋ! ಸೌಂಡ್ ಹಾಕ್ರೋ!" ಕೆಲವರು ನಕ್ಕರು, ಕೆಲವರು ಕಾಲು ಬಡಿದರು.

ಮೆದೆರ್ ಎದ್ದು ನಿಂತ. ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂಬುದು ಗೊತ್ತಾಯಿತು, ಗೊತ್ತಾದದ್ದು ಅಲ್ಲಿಗೇ ನಿಂತಿತು.

"ಸೌಂಡ್ ಸರಿಯಾಗೇ ಇದೆ," ಎಂದ. ದನಿ ಒಡೆಯಿತು. "ಸರಿಯಾಗೇ ಇದೆ ಕಣ್ರೋ, ಅದು ಇರೋದೇ ಹಾಗೆ, ಅದು..." ಮುಂದಿನದು ಮಾತಾಗಿ ಉಳಿಯಲಿಲ್ಲ. ಹೊಟ್ಟೆಯ ಅಡಿಯಿಂದ ಎದ್ದು ಉದ್ದಕ್ಕೆ ಎಳೆದುಕೊಂಡು ಮೇಲೇರಿತು. ಅದರಲ್ಲಿ ಅಪ್ಪಾ ಎಂಬ ಶಬ್ದವಿತ್ತು, ಬೆಟ್ಟವೆಂಬ ಶಬ್ದವೂ ಇತ್ತು. ಅವನು ಅದನ್ನು ತಡೆಯಲಿಲ್ಲ, ಗಮನಿಸಲೂ ಇಲ್ಲ. ಮುದುಕರಿಬ್ಬರಲ್ಲಿ ಒಬ್ಬ ಕೂತಲ್ಲಿಂದಲೇ, ಊರ ಅಂಗಳದಲ್ಲಿ ಮಾಡುವ ಹಾಗೆ, ಬೆನ್ನು ಬಗ್ಗಿಸಿ ಅವನ ಕೂಗಿಗೆ ಕೂಗು ಕೊಟ್ಟ. ಹುಡುಗರು ಸುಮ್ಮನಾದರು. ತೆರೆಯ ಮೇಲೆ ಅತ್ತೆ ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.